ಎರಡು ಬಾರಿ ಗ್ಯಾಸ್ಕೆಟ್ ಬದಲಿಸಿದರೂ ಆಯಿಲ್ ಪ್ಯಾನ್‌ನಿಂದ ಎಣ್ಣೆ ಜಿನುಗುತ್ತಿದೆ

ಪ್ರಶ್ನೆ:
ನನ್ನ ಹಳೆಯ ಕಾರಿನ ತಗಡಿನ ಆಯಿಲ್ ಪ್ಯಾನ್‌ಗೆ (ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಹಿಡಿದಿಡುವ ತಟ್ಟೆಗೆ) ಕಾರ್ಕ್ ಗ್ಯಾಸ್ಕೆಟ್ (ಸಂದಿಯಲ್ಲಿ ಸೋರದಂತೆ ತಡೆಯುವ ಪಟ್ಟಿ) ಕೂರಿಸಿದ್ದು ಇದು ಎರಡನೆಯ ಸಲ. ಮೊದಲ ಸಲ ಸೋರಿದ್ದರಿಂದ ಈ ಬಾರಿ ಗ್ಯಾಸ್ಕೆಟ್‌ನ ಎರಡೂ ಮೈಗೆ ಸಿಲಿಕೋನ್ ಸೀಲೆಂಟನ್ನು ಧಾರಾಳವಾಗಿ ಬಳಿದು, ಬೋಲ್ಟ್‌ಗಳನ್ನು ಕೈಲಾದಷ್ಟು ಬಿಗಿ ಮಾಡಿದೆ. ಆದರೂ ಎರಡೇ ದಿನಗಳಲ್ಲಿ ಹಿಂಬದಿಯ ಮೂಲೆಯಲ್ಲಿ ಹನಿ ಕಾಣಿಸಿಕೊಂಡಿದೆ. ತಪ್ಪು ಎಲ್ಲಾಗಿರಬಹುದು?

ಉತ್ತರ 1:
ಕೈಲಾದಷ್ಟು ಬಿಗಿ ಮಾಡಿದ್ದೇ ಮುಖ್ಯ ತಪ್ಪೆಂದು ನನಗೆ ತೋರುತ್ತದೆ. ಅತಿಯಾಗಿ ಬಿಗಿದಾಗ ಬೋಲ್ಟ್ ರಂಧ್ರದ ಸುತ್ತಲಿನ ತಗಡು ಮೇಲಕ್ಕೆ ಉಬ್ಬುತ್ತದೆ. ಆಗ ಒತ್ತಡವೆಲ್ಲ ರಂಧ್ರದ ಬಳಿಯೇ ಬಿದ್ದು, ಎರಡು ಬೋಲ್ಟ್‌ಗಳ ನಡುವಿನ ಅಂಚು ಸಡಿಲವಾಗಿಯೇ ಉಳಿಯುತ್ತದೆ. ಪ್ಯಾನ್ ಬಿಚ್ಚಿ ಅಂಚಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ನೋಡಿ. ಉಬ್ಬಿದ್ದರೆ ಗ್ಯಾಸ್ಕೆಟ್ ಕೂರುವ ಮೈಯನ್ನು ಮೇಲೆ ಮಾಡಿ, ಅಂಚಿನ ಕೆಳಗೆ ಮರದ ತುಂಡನ್ನು ಆಧಾರ ಕೊಟ್ಟು, ಹಗುರವಾಗಿ ಬಡಿದು ಸಮಗೊಳಿಸಿ. 6 ಮಿಲಿಮೀಟರ್ ಬೋಲ್ಟ್‌ಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಮೊದಲು ಎಲ್ಲವನ್ನೂ ಬೆರಳಿನಿಂದ ತಿರುಗಿಸಿ ಕೂರಿಸಿ, ಅನಂತರ ನಡುವಿನಿಂದ ತುದಿಗಳ ಕಡೆಗೆ ಎದುರುಬದುರಾಗಿ, ಎರಡು ಮೂರು ಸುತ್ತುಗಳಲ್ಲಿ ಬಿಗಿಗೊಳಿಸಿ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸೀಲೆಂಟ್ ಕೂಡ ನಿರಪರಾಧಿಯಲ್ಲ. ಹಸಿ ಸಿಲಿಕೋನ್ ಬಳಿದ ಕಾರ್ಕ್, ಬಿಗಿಯುವಾಗ ಜಾರಿ ಹೊರಕ್ಕೆ ತಳ್ಳಲ್ಪಡುತ್ತದೆ; ಒಳಕ್ಕೆ ಉಕ್ಕಿದ ಸಿಲಿಕೋನ್ ಚೂರುಗಳು ಕಿತ್ತುಬಂದರೆ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟಿಬಿಡಬಹುದು, ಅದು ಸೋರಿಕೆಗಿಂತ ದೊಡ್ಡ ಅಪಾಯ. ಟೈಮಿಂಗ್ ಕವರ್ (ಎಂಜಿನ್ನಿನ ಮುಂಬದಿಯ ಮುಚ್ಚಳ) ಮತ್ತು ಹಿಂದಿನ ಬೇರಿಂಗ್ ಕ್ಯಾಪ್ (ಎಂಜಿನ್ನಿನ ತಿರುಗುದಂಡವನ್ನು ಹಿಡಿದಿಡುವ ಭಾಗ) ಬ್ಲಾಕನ್ನು, ಅಂದರೆ ಎಂಜಿನ್ನಿನ ಮುಖ್ಯ ಒಡಲನ್ನು, ಸಂಧಿಸುವ ಮೂಲೆಗಳಿಗೆ ಮಾತ್ರ ಸಣ್ಣ ಬೊಟ್ಟು ಇಡಿ. ಹಳೆಯದನ್ನು ಪೂರ್ತಿ ಕೆರೆದು ತೆಗೆದ ಮೇಲೆ ಬ್ರೇಕ್ ಕ್ಲೀನರ್‌ನಿಂದ ಎರಡೂ ಮೈಗಳನ್ನು ಜಿಡ್ಡಿಲ್ಲದಂತೆ ಒರೆಸಬೇಕು. ಬ್ಲಾಕಿನಿಂದ ಎಣ್ಣೆ ಇಳಿಯುತ್ತಲೇ ಇರುವುದರಿಂದ, ಒಂದು ರಾತ್ರಿ ಸೋರಲು ಬಿಟ್ಟ ನಂತರವೇ ಈ ಕೆಲಸಕ್ಕೆ ಕೈಹಾಕುವುದು ಲೇಸು.

ಉತ್ತರ 3:
ಬಿಚ್ಚುವ ಮೊದಲು, ಹನಿ ಹುಟ್ಟುವುದು ಅಲ್ಲೇ ಎಂದು ಖಚಿತಪಡಿಸಿಕೊಂಡಿದ್ದೀರಾ? ಎಂಜಿನ್ನಿನ ಮೇಲ್ಮುಚ್ಚಳವಾದ ವಾಲ್ವ್ ಕವರ್‌ನಿಂದಲೋ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲಿನಿಂದಲೋ ಇಳಿದ ಎಣ್ಣೆಯೂ ಅದೇ ಮೂಲೆಗೆ ಬಂದು ತೊಟ್ಟಿಕ್ಕುತ್ತದೆ. ಎಂಜಿನ್ ತೊಳೆದು ಒಣಗಿಸಿ, ಅನುಮಾನವಿರುವ ಕಡೆ ಟಾಲ್ಕಂ ಪುಡಿ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ ನೋಡಿ.

ಪ್ರಶ್ನೆ ಕೇಳಿದವರು:
ಪುಡಿ ಉದುರಿಸಿ ನೋಡಿದೆ. ಮೇಲೆಲ್ಲ ಒಣಗಿದೆ, ಪ್ಯಾನಿನ ಅಂಚು ಮಾತ್ರ ಒದ್ದೆಯಾಗಿದೆ. ಬಿಚ್ಚಿದಾಗ ಹಿಂಬದಿಯ ಮೂರು ರಂಧ್ರಗಳೂ ಉಬ್ಬಿರುವುದು ಕಂಡಿತು. ತಗಡನ್ನು ಸಮ ಮಾಡಿ, ಹೊಸ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸುತ್ತೇನೆ.