ಮಿಕ್‌ಮಾಕರ ‘ಬ್ಯಾಂಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಕೆನಡಾದ ಮಿಕ್‌ಮಾಕ್ ಆದಿವಾಸಿಗಳ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಅಲ್ಲಿನ ಕಾನೂನಿನಲ್ಲಿ ಬರುವ ‘ಬ್ಯಾಂಡ್’ ಅನ್ನುವ ಪದಕ್ಕೆ, ಅಂದರೆ ಸರ್ಕಾರ ಮಾನ್ಯ ಮಾಡಿದ ಆದಿವಾಸಿ ಕೂಟಕ್ಕೆ, ನಿಮ್ಮ ಸಲಹೆ ಬೇಕು. ಹಾಗೇ ಬಿಟ್ಟರೆ ನಮ್ಮ ಓದುಗರಿಗೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ನೆನಪಾಗುತ್ತದೆ, ಅಲ್ವಾ?

‘ಬುಡಕಟ್ಟು’ ಅಂದರೆ ಇತಿಹಾಸವೇ ತಪ್ಪಾಗುತ್ತದೆ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ದಕ್ಷಿಣ ಭಾಗದಲ್ಲಿ, ಕಾನ್ ನದಿಯ ಹತ್ತಿರ, ಮಿಯಾವ್‌ಪುಕೆಕ್ ಅನ್ನುವ ಮಿಕ್‌ಮಾಕ್ ಊರಿದೆ. 1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿತು. ಆದರೆ ಕೆನಡಾದ ಆದಿವಾಸಿಗಳ ಕುರಿತ ಕಾನೂನಾದ 1876ರ ಇಂಡಿಯನ್ ಆಕ್ಟನ್ನು ಅಲ್ಲಿನ ಮಿಕ್‌ಮಾಕರಿಗೆ ಅನ್ವಯಿಸಲಿಲ್ಲ. ತಲೆಮಾರುಗಳಿಂದ ಅಲ್ಲೇ ಬಾಳಿದವರಿಗೆ ಸರ್ಕಾರದ ಕಡತದಲ್ಲಿ ಜಾಗವೇ ಇರಲಿಲ್ಲ. ಅವರಿಗಾಗಿ ಕೇಂದ್ರದಿಂದ ಬಂದ ಹಣವನ್ನು ಪ್ರಾಂತ ಸರ್ಕಾರ ತಡೆಹಿಡಿದಾಗ, 1983ರಲ್ಲಿ ಊರಿನವರು ರಾಜಧಾನಿ ಸೇಂಟ್ ಜಾನ್ಸ್‌ಗೆ ಹೋಗಿ ಉಪವಾಸ ಕೂತರು. 1984ರಲ್ಲಿ ಅವರಿಗೆ ‘ಬ್ಯಾಂಡ್’ ಎಂಬ ಮಾನ್ಯತೆ ಸಿಕ್ಕಿತು. 1987ರಲ್ಲಿ ಊರಿನ ನೆಲ ಆ ಬ್ಯಾಂಡ್‌ಗೆಂದೇ ಮೀಸಲಾದ ಪ್ರದೇಶವಾಯಿತು. ಈಗ ‘ಈ ಬುಡಕಟ್ಟು 1984ರಲ್ಲಿ ಹುಟ್ಟಿತು’ ಅಂತ ಹೇಗೆ ಬರೆಯಲಿ? ಹುಟ್ಟಿದ್ದು ಕಾನೂನಿನ ಕೂಟ. ಜನ ಮೊದಲೇ ಇದ್ದರು. ಆ ಉಪವಾಸದ ಅರ್ಥ ಇರುವುದೇ ಈ ವ್ಯತ್ಯಾಸದಲ್ಲಿ. ಪದ ಅದನ್ನು ಮುಚ್ಚಿಹಾಕಬಾರದು.

ಹಾಗಾದರೆ ‘ಹಾಡಿ’? ನನಗೆ ಇಷ್ಟದ ಪದ. ಆದರೆ ಅದು ನೆಲಕ್ಕೆ ಅಂಟಿದ್ದು. ಅದೇ ದ್ವೀಪದಲ್ಲಿ 2011ರಲ್ಲಿ ಮಾನ್ಯತೆ ಪಡೆದ ಕಲಿಪು ಬ್ಯಾಂಡ್‌ಗೆ ಮೀಸಲು ನೆಲವೇ ಇಲ್ಲ. ಸದಸ್ಯರು ಬೇರೆ ಬೇರೆ ಊರುಗಳಲ್ಲಿ ಚದುರಿದ್ದಾರೆ. ಸದಸ್ಯತ್ವ ಕೇಳಿ ಒಂದು ಲಕ್ಷಕ್ಕಿಂತ ಜಾಸ್ತಿ ಅರ್ಜಿ ಬಂದವು. ಯಾರು ಒಳಗೆ, ಯಾರು ಹೊರಗೆ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಅಲ್ಲಿ ಬ್ಯಾಂಡ್ ಅಂದರೆ ಮುಖ್ಯವಾಗಿ ಸದಸ್ಯರ ಪಟ್ಟಿ, ಜೊತೆಗೆ ಚುನಾಯಿತ ಮುಖ್ಯಸ್ಥರು ಮತ್ತು ಕೌನ್ಸಿಲ್.

ಸದ್ಯಕ್ಕೆ ನಾನು ವಾಲಿರುವುದು ‘ಪಂಗಡ’ದ ಕಡೆ. ‘ಪರಿಶಿಷ್ಟ ಪಂಗಡ’ದಿಂದಾಗಿ ಅದಕ್ಕೆ ಸರ್ಕಾರಿ ಪಟ್ಟಿಯ ವಾಸನೆ ಆಗಲೇ ಅಂಟಿದೆ, ಇಲ್ಲಿ ಅದು ಒಳ್ಳೆಯದೇ. ಬ್ಯಾಂಡ್ ಕೌನ್ಸಿಲ್‌ಗೆ ‘ಪಂಗಡದ ಪಂಚಾಯಿತಿ’ ಅನ್ನಬಹುದು. ಇಡೀ ಮಿಕ್‌ಮಾಕರಿಗೆ ಸೇರಿದ ಹಳೆಯ ಗ್ರ್ಯಾಂಡ್ ಕೌನ್ಸಿಲ್ ಬೇರೆಯೇ ಇದೆ, ಅದಕ್ಕೆ ‘ಮಹಾಸಭೆ’ ಸಾಕು. ತೊಡಕು ಒಂದೇ: ನಮ್ಮಲ್ಲಿ ಸೋಲಿಗರೆಲ್ಲ ಸೇರಿ ಒಂದು ಪಂಗಡ. ಮಿಕ್‌ಮಾಕರೊಳಗೆ ಹಲವು ಬ್ಯಾಂಡ್‌ಗಳಿವೆ.

ಸೋಲಿಗರ ಪೋಡು, ಜೇನುಕುರುಬರ ಹಾಡಿಗಳಲ್ಲಿ ಓಡಾಡಿದವರು ದಯವಿಟ್ಟು ತಿಳಿಸಿ. ಇಡೀ ಬುಡಕಟ್ಟಿಗಿಂತ ಚಿಕ್ಕದಾದ, ಒಂದೇ ಊರಿಗೆ ಕಟ್ಟುಬೀಳದ ಕೂಟಕ್ಕೆ ಅಲ್ಲಿ ಬಳಕೆಯ ಪದ ಏನಾದರೂ ಇದೆಯಾ?