ಧರೆ ಜರುಗಿದೆಯಾ? ಎರಡು ಫೋಟೊದ ಚುಕ್ಕೆ ಹೊಂದಿಸಿದವರು ಸ್ವಲ್ಪ ಹೇಳಿ

ಕೇಳಿದ್ದು, ತೀರ್ಥಹಳ್ಳಿ ಕಡೆಯಿಂದ

ನಮ್ಮ ಮನೆ ಹಿಂದೆ ಧರೆ ಇದೆ. ಮನೆ ಕಟ್ಟುವಾಗ ಗುಡ್ಡ ಕಡಿದು ಉಳಿದ ಕಡಿದಾದ ಮಣ್ಣಿನ ಗೋಡೆ ಅದು. ಈ ಮಳೆಗಾಲ ಮುಗಿಯುವಾಗ ಮೇಲ್ಗಡೆ ಸಣ್ಣ ಬಿರುಕು ಕಂಡಿತು. ಮೇ ತಿಂಗಳಲ್ಲಿ ಕೊಟ್ಟಿಗೆ ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ಇದೆ. ಅಕ್ಟೋಬರಿನಲ್ಲಿ ಅಲ್ಲೇ ನಿಂತು ಇನ್ನೊಂದು ತೆಗೆದೆ. ಎರಡರಲ್ಲೂ ಒಂದೇ ಜಾಗ ಎಲ್ಲಿದೆ ಅಂತ ತಾನೇ ಹುಡುಕುವ ಸಾಫ್ಟ್‌ವೇರಿಗೆ ಹಾಕಿದೆ. ಸಾವಿರಕ್ಕೂ ಜಾಸ್ತಿ ಜೋಡಿ ಚುಕ್ಕೆ ಕೊಟ್ಟಿತು. ಆದರೆ ಜೋಡಿ ಸೇರಿಸುವ ಗೆರೆಗಳೆಲ್ಲ ಅಡ್ಡಾದಿಡ್ಡಿ. ಫೋಟೊದ ಬಲಗಡೆ ತೋಟದ ಅಂಚು ಬರುತ್ತದೆ, ಅಲ್ಲಂತೂ ಒಂದು ಅಡಿಕೆ ಮರ ಪಕ್ಕದ ಮರಕ್ಕೆ ಹೋಗಿ ಕೂತಿದೆ. ಅದಕ್ಕೂ 0.9 ಅಂಕ! ಯಾವುದನ್ನು ನಂಬಬೇಕು? ಈ ಕೆಲಸ ಮಾಡಿದವರು ಇದ್ದರೆ ಅನುಭವ ಹೇಳಿ.

ಡ್ರೋನ್ ಸರ್ವೆ ಮಾಡುವವ, ಶಿವಮೊಗ್ಗ

ಮೊದಲು ಒಂದು ಮಾತು. ಬಿರುಕು ಇದೆ ಅಂದರೆ ಫೋಟೊ ಆಮೇಲೆ. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು, ನಡುವಿನ ದೂರವನ್ನು ಟೇಪಿನಲ್ಲಿ ಅಳೆದು, ತಾರೀಖು ಹಾಕಿ ಬರೆದಿಡಿ. ಜೋರು ಮಳೆ ಹೊಡೆಯುವ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ. ಪಂಚಾಯ್ತಿಗೂ ತಿಳಿಸಿ.

ಈಗ ನಿಮ್ಮ 0.9ರ ವಿಷಯ. ಸಾಫ್ಟ್‌ವೇರ್ ಮಾಡುವುದು ಇಷ್ಟೇ. ಮೊದಲ ಫೋಟೊದಿಂದ ಒಂದು ಸಣ್ಣ ಚೌಕ ಕತ್ತರಿಸಿಕೊಳ್ಳುತ್ತದೆ, 31 ಪಿಕ್ಸೆಲ್‌ಗೆ 31 ಅಂತ ಇಟ್ಟುಕೊಳ್ಳಿ. ಅದನ್ನು ಎರಡನೇ ಫೋಟೊದ ಮೇಲೆ ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಹೋಗಿ, ಕಪ್ಪು ಬಿಳುಪಿನ ಏರಿಳಿತ ಎಲ್ಲಿ ಚೆನ್ನಾಗಿ ಕೂರುತ್ತದೆ ಅಂತ ನೋಡುತ್ತದೆ. ಪೂರ್ತಿ ಕೂತರೆ 1, ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ತಿರುಗುಮುರುಗಾದರೆ -1. ಅಂದರೆ 0.9 ಅನ್ನುವುದು 'ಇದೂ ಅದೂ ಒಂದೇ ತರ ಕಾಣುತ್ತದೆ' ಅಂತ ಮಾತ್ರ. ಒಂದೇ ಮರ ಅಂತ ಅಲ್ಲ! ಅಡಿಕೆ ಮರವನ್ನು 9 ಅಡಿಗೊಂದರಂತೆ ಸಾಲಾಗಿ ನೆಟ್ಟಿರುತ್ತೀರಿ. ಎಲ್ಲದಕ್ಕೂ ಅದೇ ಬೂದು ಕಾಂಡ, ಅದೇ ಉಂಗುರ. ಪಕ್ಕದ ಮರಕ್ಕೆ 0.9 ಬರದೆ ಇನ್ನೇನು ಬರುತ್ತದೆ?

ನಾನೇ ಬಿದ್ದ ಗುಂಡಿ ಇದು. ಶುರುವಿನಲ್ಲಿ ಒಂದು ತೋಟದ ಮೇಲೆ ಡ್ರೋನ್ ಹಾರಿಸಿ ನಕ್ಷೆ ಮಾಡಿದ್ದೆ. ಅಂಕ ಎಲ್ಲ ಚೆನ್ನಾಗಿಯೇ ಇತ್ತು. ತೋಟದ ಯಜಮಾನರು ಪ್ರಿಂಟ್ ಹಿಡಿದು ಬೆರಳಿಟ್ಟು ಎಣಿಸಿದರು. 'ಮಾರಾಯ, ಬಾವಿ ಪಕ್ಕದ ಒಂದು ಸಾಲೇ ಇಲ್ವಲ್ಲೋ' ಅಂದರು. ಸಾಫ್ಟ್‌ವೇರ್ ಒಂದು ಮರದಷ್ಟು ಜಾರಿಸಿ ಹೊಂದಿಸಿ, ಒಂದು ಸಾಲನ್ನು ನುಂಗಿಬಿಟ್ಟಿತ್ತು. ಅವತ್ತಿನಿಂದ ಅಂಕ ನೋಡಿ ಖುಷಿ ಪಡುವುದನ್ನು ಬಿಟ್ಟೆ.

ಆಮೇಲೆ ಕಲಿತದ್ದು ಹೇಳುತ್ತೇನೆ. ಒಂದು, ಎರಡನೇ ಸ್ಥಾನ ಯಾರಿಗೆ ಬಂತು ಅಂತ ನೋಡಬೇಕು. ಮೊದಲ ಮರಕ್ಕೂ ಎರಡನೇ ಮರಕ್ಕೂ ಹೆಚ್ಚು ಕಡಿಮೆ ಅಷ್ಟೇ ಅಂಕ ಬಂದರೆ ಆ ಜೋಡಿಯನ್ನೇ ಬಿಸಾಕಿ. ಫೋಟೊಗಳಲ್ಲಿ ಒಂದೇ ಜಾಗ ಹುಡುಕುವ ಸಿಫ್ಟ್ ಅನ್ನುವ ವಿಧಾನ ಮಾಡಿದ ಡೇವಿಡ್ ಲೋ 2004ರಲ್ಲಿ ಇದನ್ನೇ ಬರೆದರು. ಸಿಫ್ಟ್‌ನಲ್ಲಿ ಅಂಕದ ಬದಲು ವ್ಯತ್ಯಾಸ ಲೆಕ್ಕ ಹಾಕುತ್ತಾರೆ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಮೊದಲನೆಯದರ ವ್ಯತ್ಯಾಸ ಎರಡನೆಯದರ 0.8 ಪಾಲಿಗಿಂತ ಜಾಸ್ತಿ ಇದ್ದರೆ ಬಿಡಿ ಅಂದರು. ಅವರ ಲೆಕ್ಕದಲ್ಲಿ ತಪ್ಪು ಜೋಡಿಗಳಲ್ಲಿ ಶೇಕಡಾ 90 ಹೋಯಿತು, ಸರಿಯಾದವು ಹೋಗಿದ್ದು ಶೇಕಡಾ 5ಕ್ಕಿಂತ ಕಮ್ಮಿ. ಎರಡು, ತಿರುಗಿಸಿ ಕೇಳಿ. ಮೇ ಫೋಟೊದ ಚುಕ್ಕೆ ಅಕ್ಟೋಬರಿನಲ್ಲಿ ಎಲ್ಲಿ ಕೂತಿತೋ ಅಲ್ಲಿಂದ ವಾಪಸ್ ಹುಡುಕಿಸಿ. ಹೊರಟ ಜಾಗಕ್ಕೇ ಬರದಿದ್ದರೆ ಅದು ಸುಳ್ಳು. ಇನ್ನು ಹುಡುಕುವ ಜಾಗವನ್ನು ಚಿಕ್ಕದು ಮಾಡಿ. ಧರೆ ನಾಲ್ಕು ಬೆರಳು ಜರುಗಿರಬಹುದು, ಒಂಬತ್ತು ಅಡಿ ಜರುಗಿದ್ದರೆ ನೀವು ಇಲ್ಲಿ ಕೇಳುತ್ತಾ ಕೂರುತ್ತಿರಲಿಲ್ಲ ಅಲ್ವಾ?

ಇಕ್ಕೇರಿ ದಾರಿಯವ, ಸಾಗರ

ನಂದು ಧರೆ ಅಲ್ಲ, ದೇವಸ್ಥಾನ. ಇಕ್ಕೇರಿ ಅಘೋರೇಶ್ವರನ ಗುಡಿಯ ಇಡೀ ಪಕ್ಕ ಒಂದೇ ಚಿತ್ರದಲ್ಲಿ ಬರಲಿ ಅಂತ ಏಳೆಂಟು ಫೋಟೊ ತೆಗೆದು ಹ್ಯೂಗಿನ್‌ನಲ್ಲಿ ಜೋಡಿಸಿದ್ದೆ. ಬಿಟ್ಟಿ ಸಾಫ್ಟ್‌ವೇರ್, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕಿಟಕಿ ಪಕ್ಕ ಕಿಟಕಿ ಒಂದೇ ತರ ಇರುವುದರಿಂದ ನಿಮ್ಮ ಅಡಿಕೆ ಮರದ ಕಥೆಯೇ ಆಯಿತು. ಅದು ಸಾಲದು ಅಂತ ಮೋಡದ ಮೇಲೆ ಬೇರೆ ಚುಕ್ಕೆ ಇಟ್ಟಿತ್ತು. ಮುಂದಿನ ಫೋಟೊ ತೆಗೆಯುವಷ್ಟರಲ್ಲಿ ಮೋಡ ಮುಂದೆ ಹೋಗಿರುತ್ತದೆ, ಗುಡಿ ವಾಲಿದ ಹಾಗೆ ಬಂತು. ಮೋಡದ ಚುಕ್ಕೆ ತೆಗೆಯುವುದಕ್ಕೆ ಅದರಲ್ಲೇ ಒಂದು ಸೌಕರ್ಯ ಇದೆ. ಉಳಿದ ಚುಕ್ಕೆಗಳ ಪಟ್ಟಿಯನ್ನು ತಪ್ಪಿನ ದೂರದ (ಕೂರಬೇಕಾದ ಜಾಗದಿಂದ ಎಷ್ಟು ಆಚೆ ಕೂತಿದೆ ಅನ್ನುವುದರ) ಪ್ರಕಾರ ಜೋಡಿಸಿ, ಮೇಲಿನವನ್ನು ಒಂದೊಂದೇ ನೋಡಿ ಅಳಿಸಿದೆ. ಕೊನೆಗೆ ಉಳಿದಿದ್ದು ಜೋಡಿಗೆ ಹದಿನೈದಿಪ್ಪತ್ತು. ಅಷ್ಟೇ ಸಾಕಾಯಿತು.

ಡ್ರೋನ್ ಸರ್ವೆ ಮಾಡುವವ

ಸಾಗರದವರು ಹೇಳಿದ್ದು ಗುಡಿಗೆ ಸರಿ. ಧರೆಗೆ ಹಾಗೇ ಮಾಡಿದರೆ ಕೆಟ್ಟಿತು! ಗುಡಿ ಅಲುಗುವುದಿಲ್ಲ, ಹಾಗಾಗಿ ದೂರ ಹೋದ ಚುಕ್ಕೆ ಎಲ್ಲ ತಪ್ಪೇ. ಧರೆಯಲ್ಲಿ ದೂರ ಹೋದ ಚುಕ್ಕೆಯೇ ನಮಗೆ ಬೇಕಾದ್ದು. ರ್‍ಯಾನ್‌ಸ್ಯಾಕ್ ಅಂತ 1981ರ ವಿಧಾನ, ಈಗ ಹೆಚ್ಚಿನ ಸಾಫ್ಟ್‌ವೇರಿನಲ್ಲೂ ಇರುತ್ತದೆ. ಜಾಸ್ತಿ ಚುಕ್ಕೆಗಳು ಯಾವ ಕಡೆಗೋ ಅದನ್ನು ಸರಿ ಅಂತ ಹಿಡಿದು, ಅದಕ್ಕೆ ಒಪ್ಪದವನ್ನು ಹೊರಗೆ ಹಾಕುತ್ತದೆ. ಜರುಗಿದ ಮಣ್ಣಿನ ಚುಕ್ಕೆಗಳನ್ನೂ 'ತಪ್ಪು' ಅಂತ ಗುಡಿಸಿ ಎಸೆದು, ಏನೂ ಆಗಿಲ್ಲ ಅಂತ ನಿಮಗೆ ಸಮಾಧಾನ ಹೇಳುತ್ತದೆ.

ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ಧರೆಯನ್ನು ಪೂರ್ತಿ ಮುಚ್ಚಿಬಿಡಿ. ಅಲುಗದ ವಸ್ತುಗಳ ಮೇಲಷ್ಟೇ ಚುಕ್ಕೆ ಇಟ್ಟು ಎರಡು ಫೋಟೊ ಕೂರಿಸಿ. ಮನೆ ಗೋಡೆಯ ಮೂಲೆ, ಕಲ್ಲುಬಂಡೆ, ಕರೆಂಟ್ ಕಂಬದ ಬುಡ, ಇಂಥವು. ಎಲ್ಲ ಒಂದೇ ಮೂಲೆಯಲ್ಲಿ ಬೇಡ, ಧರೆಯ ಸುತ್ತಲೂ ಇರಲಿ. ಎರಡನೇ ಸುತ್ತಿನಲ್ಲಿ ಧರೆ ಮಾತ್ರ ತೆಗೆದುಕೊಂಡು, ಯಾವ ಚುಕ್ಕೆ ಎಷ್ಟು ಪಿಕ್ಸೆಲ್ ಎತ್ತ ಹೋಯಿತು ಅಂತ ನೋಡಿ. ಸಾಮಾನ್ಯ ಮೊಬೈಲ್ ಕ್ಯಾಮೆರಾದಲ್ಲಿ ಫೋಟೊ 4000 ಪಿಕ್ಸೆಲ್ ಅಗಲ ಇದ್ದು, ಧರೆ 30 ಮೀಟರ್ ದೂರ ಇದ್ದರೆ, ಒಂದು ಪಿಕ್ಸೆಲ್ ಸುಮಾರು 1 ಸೆಂ.ಮೀ. ಆಗುತ್ತದೆ. ಒಂದೆರಡು ಪಿಕ್ಸೆಲ್ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಕೈ ಒಂದು ಗೇಣು ಆಚೆ ಈಚೆ ಆದರೂ ಹತ್ತಿರದ್ದು ಜಾಸ್ತಿ, ದೂರದ್ದು ಕಮ್ಮಿ ಸರಿದ ಹಾಗೆ ಕಾಣುತ್ತದೆ. ಕೊಟ್ಟಿಗೆ ಕಂಬದ ಮೇಲೆ ಮೊಳೆ ಹೊಡೆದು ಪ್ರತಿ ಸಲ ಮೊಬೈಲನ್ನು ಅದಕ್ಕೇ ಆನಿಸಿ. ಇನ್ನೊಂದು, ಧರೆ ನಿಮ್ಮ ಕಡೆಗೇ ನೇರವಾಗಿ ಉಬ್ಬಿ ಬಂದರೆ ಎದುರಿನ ಫೋಟೊದಲ್ಲಿ ಅದು ಗೊತ್ತೇ ಆಗುವುದಿಲ್ಲ. ಪಕ್ಕದಿಂದಲೂ ಒಂದು ತೆಗೆಯಿರಿ.

ಸಿವಿಲ್ ಓದುವವಳು, ಶಿವಮೊಗ್ಗ

ಲ್ಯಾಬಿನಲ್ಲಿ ನಾವು ಕಾಂಕ್ರೀಟ್ ತೊಲೆ ಎಷ್ಟು ಬಾಗುತ್ತದೆ ಅಂತ ಇದೇ ವಿಧಾನದಲ್ಲಿ ಅಳೆಯುತ್ತೇವೆ. ತೊಲೆಗೆ ಬಿಳಿ ಬಳಿದು ಅದರ ಮೇಲೆ ಕಪ್ಪು ಬಣ್ಣ ಚಿಮುಕಿಸುತ್ತೇವೆ. ಒಂದು ಚುಕ್ಕೆ ಫೋಟೊದಲ್ಲಿ 3ರಿಂದ 5 ಪಿಕ್ಸೆಲ್ ಇರಬೇಕು, ಚುಕ್ಕೆಗಳ ಒಂದು ಗುಂಪಿನ ಹಾಗೆ ಇನ್ನೊಂದು ಗುಂಪು ಇರಬಾರದು. ನೀವೂ ಹಳೇ ಹೆಂಚಿನ ಮೇಲೆ ಹಾಗೆ ಮಾಡಿ ಧರೆಗೆ ಅಲ್ಲಲ್ಲಿ ಸಿಗಿಸಬಹುದಲ್ಲ ಅಣ್ಣಾ? ಆ 30 ಮೀಟರ್ ದೂರಕ್ಕೆ 4 ಸೆಂ.ಮೀ. ಬೊಟ್ಟು ಇಡಬೇಕಾಗುತ್ತದೆ. ಚೆಸ್ ಬೋರ್ಡಿನ ತರ ಚೌಕ ಚೌಕ ಬರೆಯಬೇಡಿ, ಮತ್ತೆ ಅಡಿಕೆ ತೋಟವೇ ಆಗುತ್ತದೆ. ಮತ್ತೆ, ಅಕ್ಟೋಬರ್ ಫೋಟೊದಲ್ಲಿ ಧರೆ ತುಂಬ ಹುಲ್ಲು, ಜರಿಗಿಡ ಇಲ್ವಾ? ಮೇ ತಿಂಗಳಲ್ಲಿ ಕೆಂಪು ಮಣ್ಣು ಇದ್ದ ಜಾಗ ಈಗ ಹಸಿರು. ಅಲ್ಲಿ ಯಾವ ಸಾಫ್ಟ್‌ವೇರೂ ಏನೂ ಹುಡುಕಲಾರದು.

ಇಕ್ಕೇರಿ ದಾರಿಯವ

ಹೆಂಚಿಗೆ ಸುಣ್ಣ ಬೇಡ, ಒಂದೇ ಮಳೆಗೆ ತೊಳೆದು ಹೋಗುತ್ತದೆ. ಆಯಿಲ್ ಪೇಂಟ್ ಬಳಿಯಿರಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎರಡು ಸುತ್ತು ಮಾಡಿದೆ. ಮನೆ ಮೂಲೆ, ಕಂಬ, ಬಾವಿಕಟ್ಟೆ, ಧರೆ ಎಡಗಡೆಯ ಬಂಡೆ, ಮೇಲಿನ ಹಲಸಿನ ಮರದ ಬುಡ, ಹೀಗೆ ಹನ್ನೊಂದು ಚುಕ್ಕೆ ಕೈಯಿಂದಲೇ ಇಟ್ಟೆ. ಹತ್ತು ಚೆನ್ನಾಗಿ ಕೂತವು. ಹಲಸಿನ ಬುಡ ಮಾತ್ರ 6 ಪಿಕ್ಸೆಲ್ ಕೆಳಗೆ ಬರುತ್ತದೆ. ಮೂರು ಸಲ ಇಟ್ಟೆ, ಮೂರು ಸಲವೂ ಅಷ್ಟೇ. ಅಲುಗದ ವಸ್ತು ಅಂತ ಅದನ್ನು ಆರಿಸಿದ್ದೆ. ಧರೆಯಲ್ಲಿ ಹಸಿರು ಮುಚ್ಚದ ಜಾಗ ಸ್ವಲ್ಪವೇ ಉಳಿದಿದೆ. ಅಲ್ಲಿ ಸಿಕ್ಕ ಚುಕ್ಕೆಗಳಲ್ಲಿ ಮರದ ಕೆಳಗಿನವು 5, 6, 7 ಅಂತ ಬಂದವು, ಎಲ್ಲವೂ ಕೆಳಮುಖ. ಬಂಡೆ ಕಡೆಯವು ಒಂದರ ಒಳಗೇ ಇವೆ.

ಬೆಳಿಗ್ಗೆ ಮೇಲೆ ಹತ್ತಿ ದರಗು ಸರಿಸಿ ನೋಡಿದೆ. ಬಿರುಕು ಹಲಸಿನ ಮರದ ಹಿಂದುಗಡೆಯಿಂದ ಸುತ್ತಿ ಬಂದಿದೆ, ನಾನು ಕೆಳಗಿನಿಂದ ಕಂಡಿದ್ದು ಅದರ ತುದಿ ಅಷ್ಟೇ. ನಾಲ್ಕು ಜೊತೆ ಗೂಟ ಹೊಡೆದು ಅಳತೆ ಬರೆದಿಟ್ಟಿದ್ದೇನೆ. ಅಮ್ಮನ ಮಂಚವನ್ನು ಜಗುಲಿಗೆ ತಂದು ಹಾಕಿದ್ದಾಯಿತು. ಪಂಚಾಯ್ತಿಗೆ ಸೋಮವಾರ ಹೋಗುತ್ತೇನೆ, ಫೋಟೊ ಎರಡೂ ಪ್ರಿಂಟ್ ಹಾಕಿಸಿಕೊಂಡು. ಅಟ್ಟದ ಮೇಲೆ ಹಳೇ ಹೆಂಚು ಒಂದು ಡಜನ್ ಸಿಕ್ಕಿದೆ, ಪೇಂಟ್ ತರಬೇಕು.