‘ತಪ್ಪಿ ಕುಡದಾಳ’ ಅಂತ ಬರಸಬ್ಯಾಡ್ರಿ

[ನರ್ಸಿಂಗ್ ಬ್ಯಾಚ್, ಬಾಗಲಕೋಟಿ]

ಶಿವು, ಮುಧೋಳ: (ಫಾರ್ವರ್ಡ್) “ಮಕ್ಕಳು ವಿಷ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ. ಕೇಸ್ ಆಗದಂತೆ ‘ತಪ್ಪಿ ಕುಡಿದಳು’ ಎನ್ನಿ. ಒಂದು ದಿನ ನೋಡಿ ಮನೆಗೆ ಒಯ್ಯಿರಿ. ಎಲ್ಲ ಗುಂಪಿಗೂ ಕಳಿಸಿ.”

ಗಂಗಕ್ಕ: ಶಿವಾ, ಮೂರಕ್ಕ ಮೂರೂ ತಪ್ಪು. ಮಂಪರಿನ್ಯಾಗ ಇರೋ ಹುಡುಗಿಗೆ ವಾಂತಿ ಮಾಡಿಸಿದ್ರ ಅದು ಶ್ವಾಸಕೋಶಕ್ಕ ಇಳೀತೈತಿ. ಉಪ್ಪಿನಿಂದ ರಕ್ತದಾಗ ಸೋಡಿಯಂ ಏರತೈತಿ, ಅದು ಬ್ಯಾರೆ.

ಶಿವು: ಹಳ್ಳಿಂದ ತಾಸಿನ ದಾರಿ ಅಕ್ಕಾ. ಸುಮ್ನ ಕೂಡೂದ?

ಗಂಗಕ್ಕ: 108ಕ್ಕ ಫೋನ್ ಹಚ್ಚು. ಎಡಮಗ್ಗಲಾ ಮಲಗಸು. ಎಣ್ಣಿ (ಬೆಳಿಗೆ ಹೊಡಿಯೋ ವಿಷ) ಮೈಮ್ಯಾಲೆ ಚೆಲ್ಲಿದ್ರ ಅರಿವಿ ತೆಗದು ಸಬಕಾರ ಹಚ್ಚಿ ತೊಳಿ, ಕೈಗೆ ಗ್ಲೌಸ್ ಇರಲಿ. ಡಬ್ಬಿ ಸಂಗಾಟ ತರಬೇಕು, ಲೇಬಲ್ ನೋಡೇ ಚಿಕಿತ್ಸೆ.

ಮೌನೇಶ, ಐಸಿಯು, ವಿಜಯಪುರ: “ಒಂದು ದಿನ” ಅನ್ನೋದ ಎಲ್ಲಕ್ಕಿಂತ ಅಪಾಯ. ಆರ್ಗನೋಫಾಸ್ಫರಸ್ ಜಾತಿ ಕೀಟನಾಶಕ ಇದ್ರ, ಅದರ ಮದ್ದು ಅಟ್ರೋಪಿನ್‌ಗೆ ಎದಿ ಗುರುಗುರು ನಿಂತು, ಮಾತಾಡಕೋತ ಕುಂತಿರ್ತಾರ. 24ರಿಂದ 96 ತಾಸಿನೊಳಗ ಕುತ್ತಿಗಿ ಸೋಲತೈತಿ, ಆಮ್ಯಾಲೆ ಉಸಿರಾಟದ ಸ್ನಾಯು. ಪಾಳಿಗೊಮ್ಮಿ ಅಲ್ಲ, ಮತ್ತ ಮತ್ತ “ದಿಂಬಿನಿಂದ ತಲಿ ಎತ್ತವಾ” ಅಂತ ಕೇಳಿ ನೋಡಬೇಕು.

ಶಿವು: ಒಪ್ಪಿದೆ. ಆದ್ರ ಎಂಎಲ್‌ಸಿ (ಪೊಲೀಸರಿಗೆ ತಿಳಸೋ ಮೆಡಿಕೊ-ಲೀಗಲ್ ಕೇಸ್)? 16ರ ಹುಡುಗಿ, ನಾಳೆ ಲಗ್ನದ ಮಾತು ಬರತೈತಿ. ಅವ್ವ-ಅಪ್ಪ ಅಂಜತಾರ.

ಗಂಗಕ್ಕ: ಎಂಎಲ್‌ಸಿ ಅಂದ್ರ ಎಫ್‌ಐಆರ್ ಅಲ್ಲೋ. 2017ರ ಮಾನಸಿಕ ಆರೋಗ್ಯ ಕಾಯ್ದೆ, 115ನೇ ಕಲಂ: ಸಾಯಾಕ ಯತ್ನ ಮಾಡಿದವ್ರು, ಬ್ಯಾರೆ ಸಾಬೀತಾಗೂತನಕ, ತೀವ್ರ ಒತ್ತಡದಾಗಿದ್ರು ಅಂತನ ತಿಳೀಬೇಕು, ಶಿಕ್ಷಿ ಇಲ್ಲ. “ತಪ್ಪಿ” ಅಂತ ಬರದ್ರ ಮನೋವೈದ್ಯರಿಗೆ ಕಾಲ್ ಹೋಗೂದ ಇಲ್ಲ.

ಶಿವು: ಸಾಯೋ ವಿಚಾರ ಕೇಳಿದ್ರ ನೆನಪು ಮಾಡಿಕೊಟ್ಟಂಗ ಅಲ್ಲೇನ?

ರೇಣುಕಾ, ಮನೋವೈದ್ಯ ವಿಭಾಗ, ಬೆಳಗಾವಿ: ಇಲ್ಲ ಶಿವಣ್ಣ, ಕೇಳೋದರಿಂದ ವಿಚಾರ ಹುಟ್ಟೂದಿಲ್ಲ. ಅವ್ವನ್ನ ಹೊರಗ ಕುಂಡ್ರಿಸಿ “ಈಗೂ ಸಾಯಬೇಕು ಅನಸಾಕತ್ತೈತೇನ?” ಅಂತ ನೇರ ಕೇಳ್ರಿ. ಹೂಂ ಅಂದ್ರ ವಾರ್ಡಿನ್ಯಾಗ ಒಬ್ಬಾಕಿನ್ನ ಬಿಡಬ್ಯಾಡ್ರಿ. “ಇನ್ನೊಮ್ಮಿ ಮಾಡೂದಿಲ್ಲ” ಅಂತ ಸಹಿ ಮಾಡಿಸ್ಕೊಳ್ಳೋದು ಬರೇ ಕಾಗದ. ಆಕಿ ಕೈಲೇನ ಬರಸ್ರಿ: ಯಾವಾಗ ಆ ವಿಚಾರ ಬರತೈತಿ, ಆಗ ಏನ ಮಾಡ್ತಾಳ, ಯಾರಿಗೆ ಫೋನ್ ಹಚ್ತಾಳ, ಯಾರೂ ಸಿಗಲಿಲ್ಲಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಡಿಸ್ಚಾರ್ಜ್ ಆಗೂದ್ರಾಗ ಎಣ್ಣಿ, ಗುಳಿಗಿ ಮನಿಯಿಂದ ಹೊರಗ ಹೋಗಬೇಕು. ಆಗೂದಿಲ್ಲಂದ್ರ ಕೀಲಿ ಅಪ್ಪನ ಕಿಸೆದಾಗ. ಒಪಿಡಿ ತಾರೀಖು ಮೊದಲ ವಾರದಾಗ, ಚೀಟಿ ಮ್ಯಾಲೆ ಬರದು. ನಡುವ ಒಂದ ಫೋನ್.

ಶಿವು: ಸ್ಟೇಷನ್‌ದವ್ರು ಬಂದು ಹೇಳಿಕಿ ಕೇಳಿದ್ರ?

ಗಂಗಕ್ಕ: ಆಕಿ ಆ ಸ್ಥಿತಿಯಾಗ ಇಲ್ಲಂದ್ರ ಡ್ಯೂಟಿ ಡಾಕ್ಟರ್ ಹಂಗಂತ ಬರದ ಕೊಡ್ತಾರ, ಅವ್ರು ಕಾಯತಾರ. ಫಾರ್ವರ್ಡ್ ಅಳಸು ಮೊದಲ.

ಶಿವು: ಅಳಸೀನಿ. ಇನ್ನ ನಾಕ ಗುಂಪಿಗೆ ಹಾಕೀನಿ, ತಡ್ರಿ.